ಮಾಳಮ್ಮನ ಕಿವಿ

"ಏನಬೇ ಮಾಳಮ್ಮ, ಕಿವಿ ಎಲ್ಲಿಟ್ಟಿದ್ದೆ?"

ಪರಮಶಿವಪ್ಪನವರು ಕಾರಿನ ಬಾಗಿಲು ಹಾಕುವುದನ್ನೂ ಮರೆತು ಓಡಿಬಂದಿದ್ದರು. ದನಿ ಜೋರಾಗಿತ್ತು, ಎತ್ತಿ ಹಿಡಿದ ಪಂಚೆಯನ್ನು ಕೆಳಗೆ ಬಿಡುವುದೂ ನೆನಪಿರಲಿಲ್ಲ. ಮಾಳಮ್ಮ ಡಾಂಬರಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಕುರಿಯ ಕುತ್ತಿಗೆಯ ಅಡಿಗೆ ಅಂಗೈ ಕೊಟ್ಟಿದ್ದಳು. ಮೈ ಬಿಸಿಯಾಗಿತ್ತು, ಉಸಿರಿರಲಿಲ್ಲ. ಹೋದ ತಿಂಗಳಷ್ಟೇ ಈದಿದ್ದ ಕುರಿ. ಅದರ ಮರಿ ಏನೂ ತಿಳಿಯದೆ ಬಂದು ತಾಯಿಯ ಹೊಟ್ಟೆಗೆ ಮೂತಿ ಹಾಕಿ ಹಾಲಿಗೆ ಗುದ್ದತೊಡಗಿದಾಗ ಅವಳು ಅದನ್ನು ಎಳೆದು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ಎರಡು ಸಲ ಗುರ್ ಅನ್ಸಿದೀನಿ," ಎಂದರು ಪರಮಶಿವಪ್ಪ. "ಹಾರ್ನ್ ಹೊಡೀಲಿಲ್ಲ. ಕುರಿ ಹಿಂದೆ ಯಾವತ್ತಾರ ಹಾರ್ನ್ ಹೊಡದೀನೇನು ನಾನು? ದೇವರಾಣೆ, ಎರಡು ಸಲ ಗುರ್ ಅನ್ಸಿದೀನಿ. ನೀನು ಕೂಗ್ಲೇ ಇಲ್ಲ. ಕೂಗಿದ್ರೆ ಸರೀತಿದ್ವು. ಯಾಕೆ ಕೂಗ್ಲಿಲ್ಲ?"

ಮಾಳಮ್ಮ ತಲೆ ಎತ್ತಿದಳು. "ಕೇಳ್ಲಿಲ್ಲ ಗೌಡ್ರೆ," ಎಂದಳು.

ಅದು ನಿಜವಾಗಿತ್ತು. ಅವಳಿಗೆ ಏನೂ ಕೇಳಿರಲಿಲ್ಲ. ಏನೋ ಬೆಳ್ಳಗಿನದು ಸೀರೆಯ ಸೆರಗನ್ನು ಸವರಿಕೊಂಡು ಮುಂದಕ್ಕೆ ಹಾರಿದ್ದು, ಕುರಿ ಬಿದ್ದದ್ದು, ಆಮೇಲೆ ಟಯರು ಕಿರುಗುಟ್ಟಿದ್ದು ಅಷ್ಟೇ ಗೊತ್ತು.

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೂ ಅಲ್ಲಿಂದ ಸೊರಬದ ಕಡೆಗೂ ಹೋಗುವ ರಸ್ತೆಗಳಲ್ಲಿ ಕುರಿ ಹಿಂಡಿನ ಹಿಂದೆ ಬಂದ ಗಾಡಿಯವರು ಹಾರ್ನ್ ಹೊಡೆಯುವುದಿಲ್ಲ. ಹೊಡೆದರೆ ಕುರಿಗಳು ಚೆಲ್ಲಾಪಿಲ್ಲಿಯಾಗಿ ಇನ್ನಷ್ಟು ಅಡ್ಡ ಬರುತ್ತವೆ. ಹಾಗೆ ಹೊಡೆದವನು ಈ ಕಡೆಯವನಲ್ಲ ಎಂದು ತಿಳಿದುಕೊಳ್ಳಬೇಕು. ಈ ಕಡೆಯವರು ಹಿಂಡಿನ ಹತ್ತಿರ ಬಂದು, ಕ್ಲಚ್ ಒತ್ತಿ ಹಿಡಿದು, ಆಕ್ಸಿಲರೇಟರನ್ನು ಎರಡು ಸಲ ತುಳಿದು ಇಂಜಿನ್ನನ್ನು ಗುರ್, ಗುರ್ ಅನ್ನಿಸುತ್ತಾರೆ. ಹಿಂಡಿನ ಹಿಂದುಗಡೆ ನಡೆಯುವವರು ಅದನ್ನು ಕೇಳಿ 'ಹೊಯ್' ಎಂದು ಕೂಗು ಹಾಕುತ್ತಾರೆ. ಮುಂದುಗಡೆ, ಹಿಂಡನ್ನು ನಡೆಸುವ ಗಂಟೆ ಕಟ್ಟಿದ ಹೋತದ ಜೊತೆ ನಡೆಯುವವರು ಆ ಕೂಗು ಕೇಳಿ ಕೋಲನ್ನು ಅಡ್ಡ ಹಿಡಿದು ಎಡಕ್ಕೆ ತಿರುಗುತ್ತಾರೆ. ಹೋತ ತಿರುಗಿದರೆ ಹಿಂಡೂ ತಿರುಗಿದ ಹಾಗೆ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ಗಾಡಿ ದಾರಿ ಕೇಳುತ್ತದೆ, ಹಿಂಡು ಕೊಡುತ್ತದೆ.

ಮಾರಪ್ಪನ ಹಿಂಡಿನಲ್ಲಿ ಆ ಕೂಗು ಮಾಳಮ್ಮನದು. ಮದುವೆಯಾಗಿ ಬಂದ ವರ್ಷದಿಂದ ಅವನು ಮುಂದೆ, ಅವಳು ಹಿಂದೆ. ಅವನು ಹಿಂದಕ್ಕೆ ತಿರುಗಿ ನೋಡುತ್ತಿರಲಿಲ್ಲ. ನೋಡಬೇಕಾದ ಅಗತ್ಯ ಬಂದಿರಲಿಲ್ಲ. ಗಾಡಿ ತಿರುವಿನ ಆಚೆ ಇರುವಾಗಲೇ ಅವಳಿಗೆ ಅದು ಬಸ್ಸೋ, ಟ್ರ್ಯಾಕ್ಟರೋ, ಮೆಕ್ಕೆಜೋಳ ತುಂಬಿ ಏರಿನಲ್ಲಿ ಏದುಸಿರು ಬಿಡುತ್ತಿರುವ ಲಾರಿಯೋ ತಿಳಿಯುತ್ತಿತ್ತು. ಲಾರಿಯಾದರೆ ಮೊದಲು ಅಂಗಾಲಿಗೆ ತಿಳಿದು ಆಮೇಲೆ ಕಿವಿಗೆ ಬರುತ್ತಿತ್ತು. ಪರಮಶಿವಪ್ಪನವರ ಹಳೆಯ ಡೀಸೆಲ್ ಜೀಪಂತೂ ಕೆರೆಯ ಆ ಕಡೆ ಹೊರಟರೆ ಈ ಕಡೆ ಗೊತ್ತಾಗುತ್ತಿತ್ತು. "ಗೌಡ್ರು ಸಂತಿಗೆ ಹೊಂಟ್ರು," ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಹಿಂಡಿನ ಮುಂದುಗಡೆಯಿಂದ ಮಾರಪ್ಪ ಬಂದು, ಸತ್ತ ಕುರಿಯನ್ನು ಒಮ್ಮೆ, ಹೆಂಡತಿಯನ್ನು ಒಮ್ಮೆ ನೋಡಿದ. ಬೆಲೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಪರಮಶಿವಪ್ಪನವರು ಜೇಬಿನಲ್ಲಿದ್ದದ್ದನ್ನು ಅವನ ಕೈಗೆ ತುರುಕಿದರು. ವರ್ಷಾ ವರ್ಷಾ ಸುಗ್ಗಿಯಾದ ಮೇಲೆ ಗೊಬ್ಬರಕ್ಕೆಂದು ಇದೇ ಹಿಂಡನ್ನು ತಮ್ಮ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದವರು ಅವರು. ಹೋಗುವಾಗ ತಗ್ಗಿದ ದನಿಯಲ್ಲಿ, "ಒಂದ್ಸಲ ಕಿವಿ ತೋರ್ಸವ್ವ. ಇವತ್ತು ಕುರಿ ಹೋತು. ನಾಳೆ ನೀನೇ ಹೋದ್ರೆ?" ಎಂದರು.

ಹಸುರು ನಂಬರ್ ಪ್ಲೇಟಿನ ಆ ಹೊಸ ಬಿಳಿ ಕಾರು ಹೊರಟಿತು. ಹೊರಟದ್ದು ಮಾಳಮ್ಮನಿಗೆ ಕಂಡಿತು, ಕೇಳಲಿಲ್ಲ.

ಮಗ ತಿಪ್ಪೇಶ ಸುದ್ದಿ ತಿಳಿದು ತನ್ನ ಲಗೇಜ್ ಆಟೊ ತೆಗೆದುಕೊಂಡು ಬರುವ ಹೊತ್ತಿಗೆ ಕಾರೂ ಇರಲಿಲ್ಲ, ಗೌಡರೂ ಇರಲಿಲ್ಲ. ಗೌಡರು ಗುರ್ ಅನ್ನಿಸಿದ್ದರು, ಅವ್ವನಿಗೆ ಕೇಳಲಿಲ್ಲ ಎಂಬುದಷ್ಟೇ ಅವನಿಗೆ ಸಿಕ್ಕ ಸುದ್ದಿ. ಅವನು ತಾಯಿಯನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಸಲೀಸಾಗುತ್ತಿತ್ತು. ಮನೆಗೆ ಬಂದ ಮೇಲೆ ಅವಳಿಗೆ ಕಾಣದ ಹಾಗೆ ಹಿತ್ತಲಲ್ಲಿ ನಿಂತು ಮೆಲ್ಲಗೆ "ಅವ್ವಾ" ಅಂದ.

"ಏನಲೇ?"

ಇನ್ನೂ ದೂರ ಹೋಗಿ ಇನ್ನೂ ಮೆಲ್ಲಗೆ ಅಂದ.

"ಏನಲೇ ನಿಂದು, ಒಳಗೆ ಬಂದು ಹೇಳಬಾರ್ದಾ?"

ಒಲೆಯ ಮುಂದೆ ಬೀಡಿ ಹಚ್ಚುತ್ತಿದ್ದ ಮಾರಪ್ಪ ನಕ್ಕ. "ಅವಳ ಕಿವಿ ಹೋಗಿದ್ರೆ ನಾನು ಗೊಣಗಿದ್ದು ಒಂದೂ ಕೇಳ್ತಿರ್ಲಿಲ್ಲಪ್ಪ. ನಿನ್ನೆ ಗೊಣಗಿದ್ದೂ ಕೇಳೈತಿ."

"ಹಂಗಾರೆ ಕಾರಿಂದು ಯಾಕೆ ಕೇಳ್ಲಿಲ್ಲ?" ಎಂದು ತಿಪ್ಪೇಶ ಕೇಳಿದ. "ನೋಡವ್ವ, ಸ್ವಲ್ಪ ದಿನ ನೀನು ಮನೇಲಿರು. ಹಿಂದುಗಡೆ ನಾನು ಹೋಗ್ತೀನಿ. ಎಷ್ಟು ದಿನ ಆಗ್ತೈತೋ ಅಷ್ಟು ದಿನ. ಆಮೇಲೆ ವ್ಯಾಪಾರದವರನ್ನ ಕರೆಸಿ ಮಾರಾಣ. ಒಂದ್ಹತ್ತು ಉಳಿಸ್ಕಂಡು ಕೊಟ್ಟಿಗೇಲಿ ಕಟ್ಟಿ ಸಾಕಿದ್ರಾತು."

"ಕಟ್ಟಿ ಸಾಕಾಕೆ ಅದೇನು ಎಮ್ಮೇನಾ?" ಎಂದ ಮಾರಪ್ಪ. ಆದರೆ ಅವನೂ ಹೆಂಡತಿಯ ಮುಖ ನೋಡಲಿಲ್ಲ.

ಮಾರನೆಯ ಬೆಳಿಗ್ಗೆ ಹಿಂಡು ಅವಳನ್ನು ಬಿಟ್ಟು ಹೋಯಿತು. ಹಿಂದುಗಡೆ ತಿಪ್ಪೇಶ. ಅವನು ಹೆಜ್ಜೆಗೊಮ್ಮೆ ಹಿಂದಕ್ಕೆ ತಿರುಗಿ ನೋಡುತ್ತಾ ನಡೆಯುವುದನ್ನು ಕಂಡು ಅವಳಿಗೆ ನಗು ಬಂತು, ಆಮೇಲೆ ಅಳು ಬಂತು. ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, ಅಂಗಳ ಗುಡಿಸಿ, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಮಧ್ಯಾಹ್ನ ತಡೆಯಲಾರದೆ ರಸ್ತೆಯ ಬದಿಯ ಬಸ್ ಸ್ಟಾಪಿನ ಕಲ್ಲಿನ ಮೇಲೆ ಹೋಗಿ ಕೂತಳು. ಕಣ್ಣು ಮುಚ್ಚಿದಳು.

ಟ್ರ್ಯಾಕ್ಟರ್ ಬಂತು. ಖಾಲಿ ಟ್ರೈಲರು. ಕಣ್ಣು ತೆರೆದು ನೋಡಿದಳು, ಸರಿ. ಸರ್ಕಾರಿ ಬಸ್ಸು ಬಂತು, ಅದೂ ಸರಿ. ಎರಡು ಬೈಕು, ಒಂದರ ಹಿಂದೆ ಒಂದು. ಸರಿ. ಆದರೆ ಸರಿಯಾದದ್ದನ್ನು ಲೆಕ್ಕ ಹಾಕಿ ಏನು ಬಂತು ಎಂಬ ಯೋಚನೆ ಅವಳನ್ನು ಹಿಡಿಯಿತು. ಕೇಳಿದ್ದು ಕೇಳಿತು. ಕಣ್ಣು ಮುಚ್ಚಿ ಕೂತಾಗ ಕೇಳದೆ ಹೋದದ್ದು ಎಷ್ಟೋ? ಅದನ್ನು ಹೇಗೆ ತಿಳಿಯುವುದು? ಅದಕ್ಕೇ ಕಣ್ಣು ತೆರೆದು, ಕಂಡದ್ದೆಲ್ಲ ಕೇಳುತ್ತದೋ ಎಂದು ನೋಡುತ್ತಾ ಕೂತಳು. ಆಗಲೇ ಹೈಸ್ಕೂಲಿನ ಮೈತ್ರಿ ಮೇಡಂ ಹೊಸ ಸ್ಕೂಟರಿನಲ್ಲಿ ಅವಳೆದುರಿಗೇ ಹಾದುಹೋದರು. ಸೆರಗು ಹಾರುತ್ತಿತ್ತು, ಗಾಲಿ ತಿರುಗುತ್ತಿತ್ತು. ಸದ್ದು ಮಾತ್ರ ಇರಲಿಲ್ಲ. ಮೇಡಂ ಕೈ ಬೀಸಿ, "ಆರಾಮಾ ಅಜ್ಜಿ?" ಅಂದದ್ದು ಕೇಳಿತು. ಸ್ಕೂಟರು ಕೇಳಲಿಲ್ಲ.

ಮಾಳಮ್ಮ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹಾಗಾದರೆ ಕಿವಿ ಪೂರ್ತಿ ಹೋಗುತ್ತಿಲ್ಲ. ಮಾತು ಬಿಟ್ಟು, ಹಕ್ಕಿ ಬಿಟ್ಟು, ಬರೀ ಗಾಡಿಗಳ ಸದ್ದನ್ನೇ ಒಂದೊಂದಾಗಿ ಬಿಡುತ್ತಾ ಇದೆ. ಇವತ್ತು ಸ್ಕೂಟರು, ಕಾರು. ನಾಳೆ ಬಸ್ಸು. ಇಂಥ ಕಾಯಿಲೆಯೂ ಇರುತ್ತದೆಯೇ ಎಂದು ಅವಳು ಯಾರನ್ನೂ ಕೇಳಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟಾರು ಎಂಬ ಭಯ.

ಆ ವಾರ ಅವಳೇ ಬಾಯಿಬಿಟ್ಟು, "ಕಿವಿ ತೋರ್ಸಾಣ ನಡಿ," ಎಂದಳು. ತಿಪ್ಪೇಶ ಹಿಂಡನ್ನು ಅಪ್ಪನಿಗೂ ಪಕ್ಕದ ಮನೆಯವರಿಗೂ ಒಪ್ಪಿಸಿ ಅವಳನ್ನು ಶಿಕಾರಿಪುರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಒಬ್ಬ ಹುಡುಗಿ ಅವಳ ತಲೆಗೆ ಕಿವಿಮುಚ್ಚುವ ಪಟ್ಟಿ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, ಕುಂಯ್ ಎಂದಾಗೆಲ್ಲ ಒತ್ತಲು ಹೇಳಿದಳು. ಮಾಳಮ್ಮ ಒತ್ತಿದಳು. ತಪ್ಪಾಗಬಾರದೆಂದು ಕುಂಯ್ ಅನ್ನದಿದ್ದಾಗಲೂ ಎರಡು ಸಲ ಒತ್ತಿ, "ಇದು ಲೆಕ್ಕಕ್ಕೆ ಬ್ಯಾಡವ್ವ, ಬೆರಳು ಜಾರ್ತು," ಎಂದಳು. ಹುಡುಗಿ ನಕ್ಕು, "ಅಜ್ಜಿ, ನಿಮ್ಮ ವಯಸ್ಸಿಗೆ ಇದು ಬಾಳ ಚಲೋ ಕಿವಿ. ನಮ್ಮಮ್ಮಂಗೂ ಇಷ್ಟು ಕೇಳ್ಸಲ್ಲ," ಎಂದಳು. ಡಾಕ್ಟರೂ ಅದನ್ನೇ ಹೇಳಿದರು.

ಹೊರಗೆ ಬಂದ ಮೇಲೆ ಮಾಳಮ್ಮ ಆಸ್ಪತ್ರೆಯ ಗೇಟಿನ ಪಕ್ಕ ನಿಂತುಬಿಟ್ಟಳು.

"ಇವರಿಗೆ ಗೊತ್ತಾಗಿಲ್ಲ ತಿಪ್ಪೇಶ. ಕುಂಯ್ ಅನ್ನಾದು ಕೇಳ್ತೈತಿ. ಗಾಡೀದೇ ಕೇಳಲ್ಲ. ಆ ಪೆಟ್ಟಿಗೆಯೊಳಗೆ ಗಾಡಿ ಸದ್ದು ಹಾಕ್ಬೇಕಿತ್ತು ಅವರು."

"ಅವ್ವಾ, ಈಗ ಬಸ್ಸು ಹೋತಲ್ಲ, ಕೇಳ್ತಾ?"

"ಬಸ್ಸು ಕೇಳ್ತು." ಅಷ್ಟರಲ್ಲಿ ಔಷಧಿ ಅಂಗಡಿಯ ಮುಂದಿನಿಂದ ಒಬ್ಬ ಹುಡುಗ ಸ್ಕೂಟರ್ ತಿರುಗಿಸಿಕೊಂಡು ಅವರಿಬ್ಬರ ಮುಂದೆಯೇ ಸರ್ರನೆ ಹೋದ. ಅವಳು ಮಗನ ತೋಳು ಹಿಡಿದಳು. "ನೋಡು! ನೋಡು, ಅದು! ಅದು ಕೇಳ್ಲಿಲ್ಲ ನಂಗೆ. ಎದುರಿಗೇ ಹೋತು, ಕೇಳ್ಲಿಲ್ಲ."

ತಿಪ್ಪೇಶ ಸ್ಕೂಟರನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಗೇಟಿಗೆ ಒರಗಿ ನಗಲು ಶುರುಮಾಡಿದ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಹೋಗಿ ಬರುವ ಜನ ನೋಡುತ್ತಿದ್ದರು.

"ಯಾಕಲೇ, ತಾಯಿ ಕಿವುಡಾದ್ರೆ ನಗ್ತಾರಾ?"

"ಅವ್ವಾ, ಅದಕ್ಕೆ ಸದ್ದೇ ಇಲ್ಲ! ನಂಗೂ ಕೇಳ್ಲಿಲ್ಲ. ಯಾರಿಗೂ ಕೇಳಲ್ಲ. ಅದು ಕರೆಂಟಿನ ಗಾಡಿ, ಮೊಬೈಲ್ ಥರ ಚಾರ್ಜಿಗೆ ಹಾಕಾದು. ಇಂಜಿನ್ನೇ ಇಲ್ಲ ಅದಕ್ಕೆ, ಎಲ್ಲಿಂದ ಬರ್ಬೇಕು ಸದ್ದು?"

ಮಾಳಮ್ಮ ಸ್ಕೂಟರು ಹೋದ ಕಡೆಗೆ ತಿರುಗಿ ನೋಡಿದಳು. ತಿಪ್ಪೇಶನ ನಗು ನಿಂತದ್ದು ಇದ್ದಕ್ಕಿದ್ದಂತೆ.

"ಗೌಡ್ರ ಹೊಸ ಕಾರಿಂದು ನಂಬರ್ ಬೋರ್ಡು ಯಾವ ಬಣ್ಣ ಇತ್ತವ್ವ?"

"ಹಸುರು. ಬಿಳಿ ಅಕ್ಷರ."

"ಕರೆಂಟಿನದೇ." ಅವನು ಕಣ್ಣು ಒರೆಸಿಕೊಂಡ. "ಆದ್ರೆ ಗೌಡ್ರು ಗುರ್ ಅನ್ಸಿದೀನಿ ಅಂದ್ರಲ್ಲ? ಆಣೆ ಬೇರೆ ಹಾಕಿದ್ರಂತೆ. ಅದು ಗುರ್ ಅನ್ನಲ್ಲ. ಅದಕ್ಕೆ ಕ್ಲಚ್ಚೂ ಇಲ್ಲ, ಏನೂ ಇಲ್ಲ. ಆಕ್ಸಿಲರೇಟರ್ ತುಳಿದ್ರೆ ಸೀದಾ ಮುಂದಕ್ಕೆ ಹಾರ್ತೈತಿ." ಹೇಳುತ್ತಾ ಹೇಳುತ್ತಾ ಅವನಿಗೆ ಅರ್ಥವಾಯಿತು. ಅವಳಿಗೂ ಆಯಿತು. ಸೀರೆಯ ಸೆರಗು ಸವರಿಕೊಂಡು ಮುಂದಕ್ಕೆ ಹಾರಿದ ಆ ಬೆಳ್ಳಗಿನದು ಅವಳ ಕಣ್ಣ ಮುಂದೆ ಬಂತು.

ತಿಪ್ಪೇಶನಿಗೆ ಸಿಟ್ಟು ಬಂದಿತ್ತು. "ನಡಿ, ಈಗ್ಲೇ ಅವರ ಮನಿಗೆ ಹೋಗಾಣ. ತಾವು ತುಳಿದು ಕುರಿ ಕೊಂದು ನಿನ್ನ ಕಿವುಡಿ ಮಾಡಿದ್ರಲ್ಲ!"

"ನಾನೇ ಹೋಗ್ತೀನಿ. ನೀನು ಬಂದ್ರೆ ಮಾತು ಬೆಳಿತೈತಿ," ಎಂದಳು ಮಾಳಮ್ಮ. ಅವಳಿಗೆ ಸಿಟ್ಟಿರಲಿಲ್ಲ. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿದಂತಾಗಿತ್ತು. "ನಾಳೆಯಿಂದ ಹಿಂದುಗಡೆ ನಾನೇ ನಡೀತೀನಿ."

ಆಟೊ ಸ್ಟಾರ್ಟ್ ಮಾಡಲು ಹೋದವನು ನಿಂತ. "ಅದು ಆಗಲ್ಲವ್ವ."

"ಯಾಕೆ? ಕಿವಿ ಚಲೋ ಐತಂತಲ್ಲ?"

"ಅದಕ್ಕೇ ಆಗಲ್ಲ. ಕಿವಿ ಹೋಗಿದ್ರೆ ಮಿಷನ್ ಹಾಕಿಸ್ಬಹುದಿತ್ತು. ಈಗ ಏನ್ ಹಾಕ್ಸಾದು? ಇನ್ಮೇಲೆ ಬರಾವೆಲ್ಲ ಇಂಥವೇ. ಬಸ್ಸೂ ಕರೆಂಟಿಂದು ಬಂದಾವೆ, ಈ ಕಡೆಗೂ ಬರ್ತಾವೆ. ನನ್ನ ಗಾಡೀನ ಇನ್ನೊಂದಿಷ್ಟು ವರ್ಷ ಓಡಿಸ್ತೀನೇನೋ, ಆಮೇಲೆ ನಾನೂ ಅದನ್ನೇ ತಗಬೇಕು. ನೀನು ಸದ್ದಿಗೆ ಕಾಯ್ತಾ ನಡೀತಿ. ಅವು ಸದ್ದಿಲ್ದಂಗೆ ಬರ್ತಾವೆ." ಅವನು ಮೆಲ್ಲಗೆ ಹೇಳಿದ. "ಒಂದು ಕುರಿ ಹೋಗಿದ್ದಕ್ಕೆ ಅಲ್ಲವ್ವ ನಾನು ಹೇಳ್ತಿರಾದು."

ದಾರಿಯುದ್ದಕ್ಕೂ ಆಟೊದ ಇಂಜಿನ್ನು ಅವಳ ಕಾಲ ಕೆಳಗೆ ಬಡಿದುಕೊಳ್ಳುತ್ತಾ ಬಂತು. ಅಷ್ಟು ಚೆನ್ನಾಗಿ ಅದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

ಪರಮಶಿವಪ್ಪನವರು ಜಗುಲಿಯ ಮೇಲೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಅಂಗಳದಲ್ಲಿ ಕಾರು ಬಟ್ಟೆ ಹೊದ್ದು ನಿಂತಿತ್ತು. ಆ ದಿನದಿಂದ ಅವರು ಅದನ್ನು ಮುಟ್ಟಿಲ್ಲವೆಂದೂ ಎಲ್ಲಿಗೆ ಹೋಗಬೇಕಾದರೂ ತಾನೇ ಓಡಿಸಬೇಕೆಂದೂ ಸೊಸೆ ಗಂಗಾಶ್ರೀ ಚಹಾ ತರುವಾಗ ಹೇಳಿದಳು. ಮಾಳಮ್ಮ ಮೆಟ್ಟಿಲ ಮೇಲೆ ಕೂತು ಲೋಟ ಕೆಳಗಿಟ್ಟಳು.

"ಗೌಡ್ರೆ, ಕಿವಿ ತೋರಿಸ್ಕಂಡು ಬಂದೆ."

"ಏನಂದ್ರು?"

"ಚಲೋ ಅದಾವಂತೆ. ನಿಮ್ಮ ಗಾಡೀನೇ ಗುರ್ ಅನ್ನಲ್ಲಂತೆ."

ಪರಮಶಿವಪ್ಪನವರು ನೆಟ್ಟಗೆ ಕೂತರು. "ಯಾರಂದ್ರು? ನಾನೇ ಅನ್ಸಿದ್ದು. ಎರಡು ಸಲ. ನಂಗೆ ಕೇಳ್ತು ಮಾಳಮ್ಮ. ಇನ್ನೂ ಕಿವಿಯೊಳಗೈತಿ. ಎಡಗಾಲಲ್ಲಿ ಕ್ಲಚ್ ಒತ್ತಿದೆ, ಬಲಗಾಲಲ್ಲಿ..." ಅವರ ಎರಡು ಪಾದಗಳೂ ಜಗುಲಿಯ ನೆಲವನ್ನು ತುಳಿದವು. ಎಡಗಾಲು ನೆಲದ ಮೇಲೇ ನಿಂತುಬಿಟ್ಟಿತು.

"ಮಾವ," ಎಂದಳು ಗಂಗಾಶ್ರೀ, ಬಾಗಿಲಲ್ಲಿ ನಿಂತು, "ಅದಕ್ಕೆ ಕ್ಲಚ್ ಎಲ್ಲೈತಿ? ತಂದ ದಿನ ಬಾನೆಟ್ ತೆಗೆದು ತೋರ್ಸಿದ್ರಲ್ಲ. ಇಂಜಿನ್ ಎಲ್ಲಿ ಅಂತ ನೀವೇ ಕೇಳಿದ್ರಿ."

ಅವರು ತಮ್ಮ ಎಡಗಾಲನ್ನೇ ನೋಡುತ್ತಾ ಕೂತರು. ಮಗ ಸಿದ್ಧಲಿಂಗೇಶ್ ಜೀಪನ್ನು ಗುಜರಿಯವನಿಗೆ ಕೊಟ್ಟ ದಿನವೂ ಅವರು ಹೀಗೇ ಕೂತಿದ್ದರು ಎಂದು ಊರಲ್ಲಿ ಮಾತಿತ್ತು.

"ಜೀಪಿನ ರೂಢಿಗೆ ಕಾಲು ತಾನಾಗೇ ಒತ್ತೈತಿ," ಎಂದರು ಕೊನೆಗೆ. "ಸದ್ದನ್ನ ಕಿವಿ ತಾನಾಗೇ ಕೇಳಿಸ್ಕಂಡೈತಿ. ಇಲ್ಲದ್ದನ್ನ. ನಾನು ನಿನಗೆ ಊರ ಮುಂದೆ ಕಿವುಡಿ ಅಂದೆ."

"ನಂಗೆ ಇರಾದು ಕೇಳ್ತೈತಿ, ನಿಮಗೆ ಇಲ್ಲದ್ದು ಕೇಳ್ತೈತಿ. ಹಂಗಾರೆ ಆಸ್ಪತ್ರಿಗೆ ಹೋಗ್ಬೇಕಾದ್ದು ನೀವು."

ಗಂಗಾಶ್ರೀ ಸೆರಗು ಬಾಯಿಗೆ ಒತ್ತಿಕೊಂಡಳು. ಪರಮಶಿವಪ್ಪನವರು ತಲೆ ಎತ್ತಿ ಮಾಳಮ್ಮನನ್ನು ನೋಡಿದರು. ಅವರ ಮೀಸೆಯೂ ಅಲುಗಿತು. ಆದರೆ ನಗು ಪೂರ್ತಿ ಬರಲಿಲ್ಲ. "ನಾನಿನ್ನು ಓಡ್ಸಲ್ಲ ಮಾಳಮ್ಮ. ಮುಗೀತು."

"ನೀವು ಓಡ್ಸದಿದ್ರೆ ನಂಗೆ ಏನ್ ಲಾಭ?" ಎಂದಳು ಅವಳು. "ಮುಂದೆ ಬರಾವೆಲ್ಲ ಇಂಥವೇ ಅಂತಾನೆ ನನ್ನ ಮಗ. ನಾನು ಹಿಂಡಿನ ಹಿಂದೆ ನಡೀಬೇಕು. ಅದು ಬರಾದು ಹೆಂಗೆ ಗೊತ್ತಾಗ್ತೈತಿ ಅಂತ ನಾನು ಕಲೀಬೇಕು. ನೀವು ಸಂಜಿಕೆ ಗಾಡಿ ತಗಂಡು ಕೆರೆ ಏರಿ ಮೇಲೆ ಬರ್ರಿ. ನಾನು ಬೆನ್ನು ಹಾಕಿ ನಿಲ್ತೀನಿ. ನೀವು ಹಿಂದಿಂದ ಬರ್ರಿ. ಕೇಳ್ತೈತೋ ಇಲ್ಲೋ ನೋಡಾಣ."

"ಹುಚ್ಚೇನು ನಿನಗೆ? ಮತ್ತೆ ನನ್ನ ಕಾಲು ಹಂಗೇ ತುಳಿದ್ರೆ?"

"ನೀವೂ ಕಲೀಬೇಕಲ್ರಿ."

ಕೆರೆ ಏರಿಯ ರಸ್ತೆಗೆ ಈಚೆಗೆ ಡಾಂಬರು ಹಾಕಿದ್ದರು. ಸಂಜೆ ಅಲ್ಲಿ ಗಾಡಿಗಳ ಓಡಾಟ ಕಡಿಮೆ. ಮಾಳಮ್ಮ ಏರಿಯ ನಡುವೆ ಕೆರೆಗೆ ಎಡಗೈ ಮಾಡಿ ನಿಂತಳು. ತಿಪ್ಪೇಶ ಬೇಡ ಬೇಡ ಎಂದವನು ಕೊನೆಗೆ ತಾನೂ ಬಂದು, ಏನಾದರೂ ಆದರೆ ಎಳೆದುಕೊಳ್ಳುವಷ್ಟು ಹತ್ತಿರದಲ್ಲಿ ಕೈಕಟ್ಟಿ ನಿಂತಿದ್ದ. ಕಾರಿನಲ್ಲಿ ಪರಮಶಿವಪ್ಪನವರ ಪಕ್ಕ ಗಂಗಾಶ್ರೀ ಕೂತಿದ್ದಳು. ಅವಳ ಕೈ ಹ್ಯಾಂಡ್‌ಬ್ರೇಕಿನ ಮೇಲಿತ್ತು.

ಕೇಳಿದ ಕೂಡಲೇ ಕೈ ಎತ್ತಬೇಕೆಂದು ಮಾತಾಗಿತ್ತು. ಮಾಳಮ್ಮ ಕಣ್ಣು ಮುಚ್ಚಿದಳು. ಕೆರೆಯ ಕಡೆಯಿಂದ ನೀರುಕೋಳಿಯ ಕೂಗು ಕೇಳಿತು. ದೂರದಲ್ಲಿ ಯಾರದೋ ಪಂಪು. ತೂಬಿನ ಹತ್ತಿರ ಬಟ್ಟೆ ಒಗೆಯುವ ಸದ್ದು. ತಿಪ್ಪೇಶನ ಉಸಿರೂ ಕೇಳಿತು. ಅವಳು ಕಾದಳು. ಇನ್ನೂ ಹೊರಟಿಲ್ಲವೇನೋ ಎಂದು ಅಂದುಕೊಳ್ಳುವಾಗಲೇ "ಅಮ್ಮಾ!" ಎಂದು ಗಂಗಾಶ್ರೀ ಬೆನ್ನ ಹಿಂದೆಯೇ ಕೂಗಿದಳು. ಕಾರು ಮೊಳದಳತೆಯಲ್ಲಿ ನಿಂತಿತ್ತು.

ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಗಾಲಿಯ ಅಡಿಗೆ ಸಿಕ್ಕಿದ ಒಂದು ಕಲ್ಲುಚೂರು ಟಕ್ಕೆಂದಿತು. ಅವಳು ಕೈ ಎತ್ತಿದಳು, ಆದರೆ ಅಷ್ಟರಲ್ಲಿ ಕಾರು ಹತ್ತಿರ ಬಂದಾಗಿತ್ತು. ಪರಮಶಿವಪ್ಪನವರು ಬೆವರಿದ್ದರು. "ಒಳ್ಳೇ ನುಣ್ಣಗೆ ಹಾಕ್ಯಾರೆ ಡಾಂಬರು, ಇವರ ಮನಿ ಹಾಳಾಗ," ಎಂದು ರಸ್ತೆಯನ್ನು ಬಯ್ದರು.

ತಿಪ್ಪೇಶ ತಾಯಿಯ ಹತ್ತಿರ ಬಂದ. "ಸಾಕವ್ವ. ಕಿವಿ ಸರಿ ಐತಿ ಅಂತ ಒಪ್ತೀನಿ, ಊರ ಮುಂದೆನೂ ಹೇಳ್ತೀನಿ. ಆದ್ರೆ ಅದನ್ನ ತಗಂಡು ಏನ್ ಮಾಡಾದು ಹೇಳು?"

ಕಣ್ಣಲ್ಲಿ ನೀರು ಬಂದರೆ ಮಗನಿಗೆ ಕಾಣಿಸುತ್ತದೆಂದು ಮಾಳಮ್ಮ ಕೆರೆಯ ಕಡೆ ನೋಡಿದಳು. ಪರಮಶಿವಪ್ಪನವರು ಕಾರು ತಿರುಗಿಸಿಕೊಂಡು ಮತ್ತೆ ಏರಿಯ ಹಿಂದಿನ ತುದಿಗೆ ಹೋದರು.

ಅಷ್ಟು ಹೊತ್ತಿಗೆ ಮಾರಪ್ಪ ಹಿಂಡು ಹೊಡೆದುಕೊಂಡು ತೂಬಿನ ಕಡೆಯಿಂದ ಏರಿ ಹತ್ತಿದ. ಹಿಂದುಗಡೆ ಪಕ್ಕದ ಮನೆಯ ಕರಿಯಣ್ಣ ಬರುತ್ತಿದ್ದ. ಕುರಿಗಳು ಮಾಳಮ್ಮನನ್ನು ಬಳಸಿಕೊಂಡು, ಅವಳ ಸೀರೆಗೆ ಮೈ ಉಜ್ಜಿಕೊಂಡು ಮುಂದೆ ಹೋದವು. ಏನು ನಡೆಯುತ್ತಿದೆ ಎಂದು ಮಾರಪ್ಪ ಕೇಳಲಿಲ್ಲ. ಹೆಂಡತಿಯ ಮುಖ ನೋಡಿ, ಹೋತದ ಬೆನ್ನು ತಟ್ಟಿ ಮುಂದೆ ನಡೆದ. ಹಿಂಡು ಪೂರ್ತಿ ಹಾದ ಮೇಲೆ ಮಾಳಮ್ಮ ಕರಿಯಣ್ಣನ ಕೈಯಿಂದ ಕೋಲು ತೆಗೆದುಕೊಂಡು ಅದರ ಹಿಂದೆ ನಡೆಯತೊಡಗಿದಳು. ಅವಳು ಯೋಚನೆ ಮಾಡಿ ನಡೆದದ್ದಲ್ಲ. ಹಿಂಡು ನಡೆಯಿತು, ಕಾಲು ಅದರ ಹಿಂದೆ ಹೋಯಿತು.

"ಅವ್ವಾ, ಕಾರು ಹಿಂದೈತಿ," ಎಂದ ತಿಪ್ಪೇಶ.

"ಇರ್ಲಿ. ಹೇಳ್ಬ್ಯಾಡ. ಬರ್ಲಿ ಬಿಡು."

ಈಗ ಕಿವಿಯ ಆಟ ಇನ್ನೂ ಕಷ್ಟವಾಗಿತ್ತು. ಗೊರಸಿನ ಸದ್ದು, ಮರಿಗಳ ಕೂಗು, ಹೋತದ ಗಂಟೆ. ಇದರ ನಡುವೆ ಕೇಳಿಸಿಕೊಳ್ಳಬೇಕೆಂದು ಅವಳು ಕಿವಿಗೊಟ್ಟು ಕಿವಿಗೊಟ್ಟು ನೋಡಿದಳು. ಏನೂ ಇಲ್ಲ. ತಿರುಗಿ ನೋಡಬೇಕೆಂದು ಕುತ್ತಿಗೆ ಎಳೆಯುತ್ತಿತ್ತು. ಅವಳು ತಿರುಗಲಿಲ್ಲ. ಸೋತು, ಕೇಳುವುದನ್ನೇ ಬಿಟ್ಟು, ಎದುರಿಗೆ ನಡೆಯುತ್ತಿದ್ದ ಕೊನೆಯ ಕುರಿಗಳ ಮೇಲೆ ಸುಮ್ಮನೆ ಕಣ್ಣಿಟ್ಟಳು.

ಎಲ್ಲದಕ್ಕಿಂತ ಹಿಂದಿದ್ದ ಕಂದು ಕುರಿಯ ಜೋಲುಕಿವಿ ಬುಡದಲ್ಲಿ ನಿಮಿರಿ ಹಿಂದಕ್ಕೆ ಹೊರಳಿತು. ಅವಳು ನೋಡಿದಳು. ನೊಣ ಕೂತಿರಬೇಕು ಅಂದುಕೊಂಡಳು. ಅದರ ಪಕ್ಕದ ಕುರಿಯದೂ ಹೊರಳಿತು. ಆಮೇಲೆ ಇನ್ನೊಂದರದು. ಕುರಿಗಳ ನಡಿಗೆ ನಿಲ್ಲಲಿಲ್ಲ, ತಲೆಯೂ ತಿರುಗಲಿಲ್ಲ. ಕಿವಿಗಳು ಮಾತ್ರ, ಒಂದಾದ ಮೇಲೊಂದು, ಅವಳ ಬೆನ್ನ ಹಿಂದಿನ ರಸ್ತೆಯ ಕಡೆಗೆ ತಿರುಗಿ ನಿಂತವು. ಅವಕ್ಕೇನು ಕೇಳುತ್ತಿತ್ತೋ, ಅವಳಿಗಂತೂ ನೀರುಕೋಳಿಯೇ ಕೇಳುತ್ತಿತ್ತು. ಇಷ್ಟು ವರ್ಷ ಈ ಕುರಿಗಳ ಹಿಂದೆಯೇ ನಡೆದರೂ ಅವಳು ಅವುಗಳ ಕಿವಿಯನ್ನು ನೋಡಿರಲಿಲ್ಲ. ನೋಡಬೇಕಾದ ಅಗತ್ಯವೇ ಬಂದಿರಲಿಲ್ಲ.

"ಹೊಯ್!"

ಕೂಗು ಗಂಟಲಿನಿಂದ ಹೊರಬಿದ್ದ ಮೇಲೆ ಅವಳಿಗೇ ಭಯವಾಯಿತು. ತಪ್ಪಾಗಿದ್ದರೆ? ಆದರೆ ಅಷ್ಟು ದೂರದಲ್ಲಿ, ಹಿಂಡಿನ ಮುಂದೆ, ಮಾರಪ್ಪನ ಕೋಲು ಅಡ್ಡ ಬಂದಾಗಿತ್ತು. ಅವನು ತಿರುಗಿ ನೋಡಲಿಲ್ಲ. ಹೋತ ಎಡಕ್ಕೆ ಸರಿಯಿತು. ಅದರ ಹಿಂದೆ ಹಿಂಡು, ನೀರು ಬದಿಗೆ ಹರಿದ ಹಾಗೆ, ಕೆರೆಯ ಪಕ್ಕಕ್ಕೆ ಸರಿದು ರಸ್ತೆಯ ಅರ್ಧವನ್ನು ಖಾಲಿ ಮಾಡಿತು.

ಕಾರು ಇನ್ನೂ ಹಿಂದಿತ್ತು. ಅದು ಬಂದು ಅವಳ ಪಕ್ಕ ಹಾಯುವ ಹೊತ್ತಿಗೆ ಅವಳು ಹತ್ತಾರು ಹೆಜ್ಜೆ ನಡೆದಾಗಿತ್ತು. ಗಾಜು ಇಳಿದಿತ್ತು. ಪರಮಶಿವಪ್ಪನವರು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಎಡಗಾಲನ್ನು ಸೀಟಿನ ಬುಡಕ್ಕೆ ಮಡಚಿಕೊಂಡು, ಎದುರಿನ ರಸ್ತೆಯಿಂದ ಕಣ್ಣು ಕೀಳದೆ ಕೂತಿದ್ದರು. ಕೈ ಎತ್ತುವುದಕ್ಕೂ ಅವರಿಗೆ ಧೈರ್ಯವಿರಲಿಲ್ಲ.

"ಒಂದ್ಸಲ ಸಿಕ್ತು," ಎಂದ ತಿಪ್ಪೇಶ ಅವಳ ಹಿಂದಿನಿಂದ. ಅವನ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ. "ದಿನಾ ಸಿಗ್ತೈತಾ ಅವ್ವ?"

ಕಾರು ಹಿಂಡಿನ ಬಗಲಲ್ಲೇ, ಹಿಂಡಿಗಿಂತ ಒಂಚೂರು ಬೇಗ, ಏರಿಯ ಉದ್ದಕ್ಕೂ ಸಾಗುತ್ತಿತ್ತು. ಕಂದು ಕುರಿಯ ಕಿವಿ ಅದರ ಜೊತೆಗೇ ಮುಂದಕ್ಕೆ ತಿರುಗಿ, ಅದು ದೂರವಾದ ಹಾಗೆ ಮೆಲ್ಲಗೆ ಜೋತುಬಿತ್ತು. ಮಾಳಮ್ಮ ಆ ಕಿವಿಯನ್ನೇ ನೋಡುತ್ತಾ ಅದರ ಹಿಂದೆ ನಡೆದಳು.